ಅಡಿಕೆ ಸೊಕ್ಕಿದಾಗ ತಲೆಯೊಳಗೆ

ನಂದಿಗುಡಿಯಲ್ಲಿ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಸಂಚಿ ಬಿಚ್ಚಿದರು. ಅಡಕೊತ್ತಿನಲ್ಲಿ ಅಡಿಕೆ ಹೋಳಾಯಿತು. ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ಬಿಡಿಸಿ, ಬೆರಳ ತುದಿಯಿಂದ ಸುಣ್ಣ ಸವರಿದರು. ‘ಸುಣ್ಣ ಹೆಚ್ಚಾದ್ರೆ ಬಾಯಿ ಸುಡುತ್ತೆ, ಕಮ್ಮಿಯಾದ್ರೆ ಎಲಿ ಹಾಕ್ಕೊಂಡಂಗೇ ಇರಲ್ಲ ತಮ್ಮಾ’ ಎಂದರು. ಸ್ವಲ್ಪ ಹೊತ್ತಿಗೆ ಅವರ ಹಣೆಯ ಮೇಲೆ ಸಣ್ಣಗೆ ಬೆವರು.

ಹರಿಹರ ತಾಲ್ಲೂಕಿನ ಈ ಭಾಗ ಭತ್ತದ ಸೀಮೆ. ಈಗೀಗ ಗದ್ದೆಯ ಪಕ್ಕದಲ್ಲೇ ಅಡಿಕೆ ಸಸಿ ಏಳುತ್ತಿದೆ. ಚನ್ನಗಿರಿ ಕಡೆಯಂತೂ ಕೇಳುವುದೇ ಬೇಡ. ರಾಶಿ ಎಷ್ಟಕ್ಕೆ ಹೋಯ್ತು, ಬೆಟ್ಟೆ ಎಷ್ಟಾಯ್ತು ಎಂಬುದೇ ಚಹಾದಂಗಡಿಯ ಮೊದಲ ಮಾತು. ಅಗಿದವನ ತಲೆಯೊಳಗೆ ಅದೇ ಅಡಿಕೆ ಏನು ಮಾಡುತ್ತದೆಂದು ಹುಡುಕಿಕೊಂಡು ಹೋದವರು ಮಾತ್ರ ಬಹುದೂರದವರು.

1975ರ ಡಿಸೆಂಬರ್ 18ರ ‘ನೇಚರ್’ ಸಂಚಿಕೆಯ 577ನೇ ಪುಟದಲ್ಲಿ ಜಾನ್ ಹ್ಯೂಸ್, ಹ್ಯಾನ್ಸ್ ಕೋಸ್ಟರ್‌ಲಿಟ್ಜ್ ಮತ್ತು ಸಂಗಡಿಗರ ಪ್ರಸಿದ್ಧ ಲೇಖನವಿದೆ. ಅಫೀಮಿನಂತೆ ಕೆಲಸ ಮಾಡುವ ಪುಟ್ಟ ಪೆಪ್ಟೈಡ್‌ಗಳನ್ನು ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ ಎಂದು ತೋರಿಸಿ, ಎನ್‌ಕೆಫಲಿನ್‌ಗಳ ಗುರುತು ಹಿಡಿದ ಬರಹ ಅದು. ಎರಡು ವರ್ಷ ಮೊದಲು ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಮಿದುಳಿನಲ್ಲಿ ಅಫೀಮು ಹೋಗಿ ಅಂಟುವ ತಾಣವನ್ನು, ಅಂದರೆ ಅದರ ರಿಸೆಪ್ಟರನ್ನು, ಪತ್ತೆಮಾಡಿದ್ದರು. (ಗ್ರಾಹಕ ಎಂದು ಬರೆದರೆ ಅಂಗಡಿಗೆ ಬಂದವರ ನೆನಪಾಗುತ್ತದೆ, ರಿಸೆಪ್ಟರ್ ಎಂದೇ ಇರಲಿ.) ಅದೇ ಸಂಚಿಕೆಯಲ್ಲಿ ಐವತ್ತು ಪುಟ ಮಗುಚಿದರೆ ನಮ್ಮ ಅಡಿಕೆ! ಬರೆದವರು ಕ್ಯಾನ್‌ಬೆರಾದ ಗ್ರಹಾಂ ಜಾನ್‌ಸ್ಟನ್, ಡೆನ್ಮಾರ್ಕಿನ ಪೋವ್ಲ್ ಕ್ರೋಗ್ಸ್‌ಗಾರ್ಡ್-ಲಾರ್ಸೆನ್ ಮತ್ತು ಸ್ಟೀಫನ್‌ಸನ್. ಮೊದಲನೆಯದು ಪಠ್ಯಪುಸ್ತಕ ಸೇರಿತು. ಎರಡನೆಯದರ ಸುದ್ದಿ ಅಡಿಕೆ ಸೀಮೆಗೇ ಬರಲಿಲ್ಲ.

ಅವರು ಹೇಳಿದ್ದು ಆ ಹಿರಿಯರ ಸುಣ್ಣದ ಮಾತಿಗೆ ಹತ್ತಿರದ್ದೇ. ಅಡಿಕೆಯ ಮುಖ್ಯ ಸತ್ವ ಆರೆಕೊಲಿನ್. ಸುಣ್ಣ ತಾಗಿದರೆ ಅದು ಒಡೆದು ಆರೆಕೈಡಿನ್ ಆಗುತ್ತದೆ. ನರಕೋಶಗಳನ್ನು ತಣ್ಣಗಿಡುವ ಗಾಬಾ ಎಂಬ ರಾಸಾಯನಿಕವಿದೆಯಲ್ಲ, ಕೆಲಸ ಮುಗಿದೊಡನೆ ಅದನ್ನು ಕೋಶಗಳು ಒಳಗೆಳೆದುಕೊಳ್ಳುತ್ತವೆ. ಆರೆಕೈಡಿನ್ ಆ ಎಳೆತವನ್ನು ತಡೆಯುತ್ತದೆ. ಪ್ರಯೋಗಶಾಲೆಯ ಮಾತಾಯಿತು ಇದು. ರಕ್ತದಿಂದ ಮಿದುಳಿಗೆ ನುಗ್ಗುವುದು ಅಂಥ ಅಣುವಿಗೆ ಸುಲಭವಲ್ಲ. ಅದರ ಹತ್ತಿರದ ಬಂಧು ನಿಪೆಕೋಟಿಕ್ ಆಮ್ಲಕ್ಕೆ ಕೊಬ್ಬಿನಲ್ಲಿ ಕರಗುವ ಬಾಲ ಜೋಡಿಸಿದ ಮೇಲೆ ಟಿಯಾಗಬಿನ್ ಎಂಬ ಮೂರ್ಛೆರೋಗದ ಔಷಧ ಸಿಕ್ಕಿತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಬಿದ್ದದ್ದು 1997ರಲ್ಲಿ.

ಬೆವರು, ಜೊಲ್ಲು, ‘ಅಡಿಕೆ ಸೊಕ್ಕಿತು’ ಎನ್ನುವಾಗಿನ ತಲೆಸುತ್ತು ಇವು ಆರೆಕೊಲಿನ್‌ನದೇ ಆಟ. ಅದು ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್‌ನ ವೇಷ ಹಾಕಿ ಮಸ್ಕರಿನಿಕ್ ರಿಸೆಪ್ಟರ್‌ಗಳಲ್ಲಿ ಹೋಗಿ ಕೂರುತ್ತದೆ. ಬಿಡಲಾಗದ ಚಟಕ್ಕೆ ಇನ್ನೊಂದು ಸುಳಿವನ್ನು ಫ್ಲೋರಿಡಾದ ರೋಜರ್ ಪ್ಯಾಪ್ಕೆ ತಂಡ 2015ರಲ್ಲಿ ಕೊಟ್ಟಿತು: ಹೊಗೆಸೊಪ್ಪಿನ ನಿಕೋಟಿನ್ ತಟ್ಟುವ ಬಾಗಿಲನ್ನೇ ಆರೆಕೊಲಿನ್ ಕೂಡ ಮೆಲ್ಲಗೆ ತಟ್ಟುತ್ತದೆ. ಎರಡನ್ನೂ ಒಂದೇ ಪೊಟ್ಟಣದಲ್ಲಿ ತುಂಬಿದ್ದು ಗುಟ್ಕಾ; ಕರ್ನಾಟಕ ಅದನ್ನು 2013ರಲ್ಲೇ ನಿಷೇಧಿಸಿದೆ. ಕಾಗದದ ಮೇಲೆ, ಅನ್ನಿ.

ಈಚಿನ ಕತೆ ಇನ್ನೂ ಸ್ವಾರಸ್ಯದ್ದು. ಆರೆಕೊಲಿನ್ನಿನ ಅಚ್ಚನ್ನೇ ತಿದ್ದಿ 1990ರ ದಶಕದಲ್ಲಿ ಕ್ಸನೊಮೆಲಿನ್ ಮಾಡಿದ್ದರು. ಆಲ್ಜೈಮರ್ ರೋಗಿಗಳ ಭ್ರಮೆ ತಗ್ಗಿತು, ಆದರೆ ವಾಂತಿ, ಬೆವರು ತಾಳಲಾರದೆ ಹಲವರು ಅರ್ಧಕ್ಕೇ ಬಿಟ್ಟರು. ಮುಂದೆ ಅದಕ್ಕೆ ಟ್ರೋಸ್ಪಿಯಂ ಎಂಬ ಹಳೆಯ ಮೂತ್ರಕೋಶದ ಮದ್ದನ್ನು ಜೊತೆ ಮಾಡಿದರು. ಅದು ಮಿದುಳಿಗೆ ಹೆಚ್ಚು ಹೋಗದೆ, ಹೊರಗಿನ ಉಪದ್ರವವನ್ನಷ್ಟೇ ತಡೆಯುತ್ತದೆ. 2024ರ ಸೆಪ್ಟೆಂಬರಿನಲ್ಲಿ ಈ ಜೋಡಿಗೆ ಸ್ಕಿಝೋಫ್ರೇನಿಯಾದ ಔಷಧವಾಗಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಬೆಳೆಸಿದ ಕಂಪನಿಯ ಹೆಸರು ಕರುಣಾ! ಅದನ್ನು 1,400 ಕೋಟಿ ಡಾಲರಿಗೆ ಕೊಳ್ಳುವುದಾಗಿ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ 2023ರಲ್ಲೇ ಹೇಳಿತ್ತು.

ಇದನ್ನು ಹಿಡಿದುಕೊಂಡು ‘ನೋಡಿ, ಅಡಿಕೆ ಔಷಧಿ’ ಎಂದು ವೇದಿಕೆ ಹತ್ತುವವರಿದ್ದಾರೆ. ಆ ಮಾತ್ರೆಯಲ್ಲಿ ಅಡಿಕೆಯ ಚೂರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಟ್ಟಿದೆ, ಹೊಗೆಸೊಪ್ಪು ಬೆರೆಸದಿದ್ದರೂ. ಬೆಳೆಗಾರನ ಹೊಟ್ಟೆಪಾಡಿನ ಪ್ರಶ್ನೆ ದೊಡ್ಡದೇ, ಆದರೆ ಅದಕ್ಕೆ ಉತ್ತರ ರಿಸೆಪ್ಟರಿನಲ್ಲಿ ಸಿಗುವುದಿಲ್ಲ. ಅಡಿಕೆಯಿಂದ ಬಾಯೊಳಗಿನ ಪದರ ನಾರುಗಟ್ಟಿದವರನ್ನು ದಂತವೈದ್ಯರು ಅಳೆಯುವುದು ಬೆರಳಿನಲ್ಲಿ: ಮೂರು ಬೆರಳು ನೆಟ್ಟಗೆ ಹಿಡಿಯಬೇಕಾದ ಬಾಯಲ್ಲಿ ಕೆಲವೊಮ್ಮೆ ಒಂದೇ ಹಿಡಿಯುತ್ತದೆ.