ಕಟ್ಟಡ ನಕ್ಷೆಯ ಲೇಯರ್ ಮಾನಕ

ಲೇಯರ್ ಮಾನಕ ಎಂಬುದು ಗಣಕಯಂತ್ರದಲ್ಲಿ ಕಟ್ಟಡದ ನಕ್ಷೆಯನ್ನು ರಚಿಸುವಾಗ ಗೋಡೆ, ಬಾಗಿಲು, ಕಂಬ, ಅಳತೆ, ಬರಹ ಮೊದಲಾದವುಗಳನ್ನು ಯಾವ ಪದರದಲ್ಲಿ ಇರಿಸಬೇಕು, ಆ ಪದರದ ಹೆಸರು, ಬಣ್ಣ ಹಾಗೂ ಗೆರೆಯ ದಪ್ಪ ಏನಿರಬೇಕು ಎಂಬುದನ್ನು ಮುಂಚಿತವಾಗಿ ಗೊತ್ತುಪಡಿಸುವ ನಿಯಮಾವಳಿ. ಪದರಕ್ಕೆ ತಂತ್ರಾಂಶಗಳಲ್ಲಿ ಲೇಯರ್ ಎಂಬ ಹೆಸರೇ ರೂಢಿಯಲ್ಲಿದೆ.

== ಹಿನ್ನೆಲೆ ==
ಕೈಯಿಂದ ನಕ್ಷೆ ಬಿಡಿಸುತ್ತಿದ್ದ ಕಾಲದಲ್ಲಿ ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇರಿಸಿ, ಕೆಳಗಿನ ಹಾಳೆಯಲ್ಲಿ ಗೋಡೆಗಳನ್ನೂ ಮೇಲಿನದರಲ್ಲಿ ವಿದ್ಯುತ್ ತಂತಿ ಅಥವಾ ನೀರಿನ ಕೊಳವೆಗಳನ್ನೂ ತೋರಿಸುವ ಪದ್ಧತಿಯಿತ್ತು. ಲೇಯರ್ ಅದರ ಗಣಕ ರೂಪ. ಆಟೋಕ್ಯಾಡ್ ತಂತ್ರಾಂಶವು 1982ರಲ್ಲಿ ಬಂದ ಮೇಲೆ ಪ್ರತಿ ಕಚೇರಿಯೂ ತನಗೆ ತೋಚಿದ ಹೆಸರುಗಳನ್ನು ಬಳಸಿದ್ದರಿಂದ ಒಬ್ಬರ ಕಡತ ಮತ್ತೊಬ್ಬರಿಗೆ ಅರ್ಥವಾಗದ ಸ್ಥಿತಿ ಉಂಟಾಯಿತು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯು 1990ರಲ್ಲಿ ಲೇಯರ್ ಮಾರ್ಗಸೂಚಿಯನ್ನು ಪ್ರಕಟಿಸಿತು. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 13567 ಪ್ರಕಟವಾದದ್ದು 1998ರಲ್ಲಿ.

== ಹೆಸರಿನ ರಚನೆ ==
ಅಮೆರಿಕದ ಮಾರ್ಗಸೂಚಿಯಲ್ಲಿ ಹೆಸರಿನ ಮೊದಲ ಅಕ್ಷರ ವಿಭಾಗವನ್ನು ಸೂಚಿಸುತ್ತದೆ: ವಾಸ್ತುಶಿಲ್ಪಕ್ಕೆ 'ಎ', ಕಂಬ-ತೊಲೆಗಳ ರಚನೆಗೆ 'ಎಸ್', ವಿದ್ಯುತ್ತಿಗೆ 'ಇ', ನೀರು ಮತ್ತು ಒಳಚರಂಡಿ ಕೊಳವೆಗಳಿಗೆ 'ಪಿ'. ಮುಂದೆ ವಸ್ತುವನ್ನು ಹೇಳುವ ನಾಲ್ಕು ರೋಮನ್ ಅಕ್ಷರಗಳು. ಹೀಗೆ 'ಎ-ವಾಲ್' ಎಂದರೆ ಗೋಡೆ, 'ಎ-ಡೋರ್' ಎಂದರೆ ಬಾಗಿಲು. ಕೊನೆಯಲ್ಲಿ ಬೇಕಾದರೆ ಸ್ಥಿತಿಸೂಚಕ ಅಕ್ಷರವೊಂದು ಸೇರುತ್ತದೆ: ಹೊಸದಕ್ಕೆ 'ಎನ್', ಈಗಾಗಲೇ ಇರುವುದಕ್ಕೆ 'ಇ', ಕೆಡವಬೇಕಾದುದಕ್ಕೆ 'ಡಿ'.

ಹಲವರು ಕೈಬಿಡುವ ಈ ಕೊನೆಯ ಅಕ್ಷರವೇ ಬೆಂಗಳೂರಿನ ಹೊರವಲಯದಲ್ಲಿ ಹೆಚ್ಚು ಉಪಯುಕ್ತ. ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕದ ಟಿ. ದಾಸರಹಳ್ಳಿಯಲ್ಲಿ 30×40 ಅಡಿಯ, ಅಂದರೆ 1200 ಚದರಡಿಯ ನಿವೇಶನದಲ್ಲಿರುವ ಹಳೆಯ ಮನೆಯ ಮೇಲೆ ಬಾಡಿಗೆಗೆಂದು ಮತ್ತೊಂದು ಅಂತಸ್ತು ಕಟ್ಟುವ ಸಂದರ್ಭವನ್ನು ತೆಗೆದುಕೊಳ್ಳಬಹುದು. ಮೆಟ್ಟಿಲಿಗೆ ಜಾಗ ಮಾಡಲು ಒಂದು ಗೋಡೆಯನ್ನು ತೆಗೆಯಬೇಕು. ಪಕ್ಕದ ಗೋಡೆ ಮೇಲಿನ ಭಾರ ಹೊರುವುದರಿಂದ ಉಳಿಯಬೇಕು. ಎರಡೂ ಒಂದೇ ಲೇಯರಿನಲ್ಲಿ ಒಂದೇ ಬಗೆಯ ಗೆರೆಯಾಗಿ ಮುದ್ರಿತವಾದರೆ ಮೇಸ್ತ್ರಿಗೆ ವ್ಯತ್ಯಾಸ ತಿಳಿಯುವ ದಾರಿಯಿಲ್ಲ. ಹಳೆಯ ನಕ್ಷೆ ಕಾಗದದ ಮೇಲೆ ಮಾತ್ರ ಇದ್ದಾಗ, ಅದನ್ನು ಗಣಕಕ್ಕೆ ಇಳಿಸುವ ಹಂತದಲ್ಲಿಯೇ ಇರುವ ಗೋಡೆಗಳನ್ನು ಪ್ರತ್ಯೇಕ ಲೇಯರಿಗೆ ಹಾಕುವುದು ಕ್ಷೇಮ.

== ಸಿದ್ಧಪಡಿಸುವ ಕ್ರಮ ==
ಮೊದಲ ಗೆರೆ ಎಳೆಯುವ ಮುನ್ನ ಲೇಯರ್ ಪಟ್ಟಿಯನ್ನು ತಯಾರಿಸಿ ಟೆಂಪ್ಲೇಟ್ ಕಡತದಲ್ಲಿ ಉಳಿಸಲಾಗುತ್ತದೆ; ಹೊಸ ನಕ್ಷೆಗಳೆಲ್ಲ ಅದರಿಂದಲೇ ಆರಂಭವಾಗುತ್ತವೆ. ಕತ್ತರಿಸಿ ತೋರಿಸುವ ಗೋಡೆಗೆ 0.50 ಮಿ.ಮೀ., ಬಾಗಿಲು-ಕಿಟಕಿಗೆ 0.25, ಅಳತೆಯ ಗೆರೆಗೆ 0.18 ಎಂಬಂತೆ ದಪ್ಪವನ್ನು ನಿಗದಿಪಡಿಸುವುದು ವಾಡಿಕೆ. ಬಣ್ಣ ಮತ್ತು ದಪ್ಪವನ್ನು ಒಂದೊಂದು ಗೆರೆಗೂ ಬೇರೆಬೇರೆಯಾಗಿ ಕೊಡದೆ 'ಬೈಲೇಯರ್' ಎಂದೇ ಬಿಡಬೇಕು. ಆಗ ಲೇಯರಿನಲ್ಲಿ ಮಾಡಿದ ಒಂದು ಬದಲಾವಣೆ ಇಡೀ ನಕ್ಷೆಗೆ ಅನ್ವಯಿಸುತ್ತದೆ.

ಆಟೋಕ್ಯಾಡ್‌ನಲ್ಲಿ '0' ಎಂಬ ಲೇಯರನ್ನು ಅಳಿಸಲೂ ಹೆಸರು ಬದಲಿಸಲೂ ಬರುವುದಿಲ್ಲ. ಅದರಲ್ಲಿ ರಚಿಸಿದ ಬ್ಲಾಕ್, ತನ್ನನ್ನು ಸೇರಿಸಿದ ಲೇಯರಿನ ಗುಣಗಳನ್ನು ಪಡೆಯುವುದರಿಂದ ಅದನ್ನು ಬ್ಲಾಕ್‌ಗಳಿಗೆಂದೇ ಮೀಸಲಿಡುತ್ತಾರೆ. 'ಡೆಫ್‌ಪಾಯಿಂಟ್ಸ್' ಲೇಯರಿನಲ್ಲಿ ಎಳೆದದ್ದು ಪರದೆಯ ಮೇಲೆ ಕಂಡರೂ ಮುದ್ರಣವಾಗುವುದಿಲ್ಲ. ಹೊಸಬರನ್ನು ಬಹಳ ಗೋಳಾಡಿಸುವ ಲೇಯರ್ ಇದು.

== ಅನುಮೋದನೆಯಲ್ಲಿ ಪಾತ್ರ ==
ದಾಸರಹಳ್ಳಿ ನಗರಸಭೆಯು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. ಪಾಲಿಕೆಯು ಮುಂದೆ ಆನ್‌ಲೈನ್ ನಕ್ಷೆ ಅನುಮೋದನೆಯನ್ನು ಜಾರಿಗೆ ತಂದಿತು. ಗಣಕವೇ ನಕ್ಷೆಯನ್ನು ಪರಿಶೀಲಿಸುವ ಇಂತಹ ವ್ಯವಸ್ಥೆಗಳಲ್ಲಿ ಲೇಯರಿನ ಹೆಸರು ಕಚೇರಿಯ ಆಯ್ಕೆಯಾಗಿ ಉಳಿಯುವುದಿಲ್ಲ. ನಿವೇಶನದ ಗಡಿ, ಕಟ್ಟಡದ ವಿಸ್ತೀರ್ಣ, ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಇವುಗಳನ್ನು ನಿಗದಿತ ಲೇಯರ್‌ಗಳಲ್ಲಿ ಎಳೆಯಬೇಕು. ವಿಸ್ತೀರ್ಣ ತೋರಿಸುವ ಪಾಲಿಲೈನ್ ಎರಡೂ ತುದಿ ಕೂಡಿ ಮುಚ್ಚಿರಬೇಕು. ಮನುಷ್ಯನ ಕಣ್ಣಿಗೆ ಸರಿಯಾಗಿಯೇ ಕಾಣುವ ನಕ್ಷೆಯಲ್ಲಿ ಗಡಿರೇಖೆ ಬೇರೆ ಲೇಯರಿಗೆ ಸೇರಿದ್ದರೆ ಗಣಕದ ಪಾಲಿಗೆ ಆ ನಿವೇಶನಕ್ಕೆ ಗಡಿಯೇ ಇಲ್ಲ. ನಕ್ಷೆ ಹಿಂದಿರುಗಿದರೆ ಮನೆ ಕಟ್ಟುವವರ ಕೆಲಸ ಅಷ್ಟು ದಿನ ನಿಲ್ಲುತ್ತದೆ.

ಕಚೇರಿಯ ಹೆಸರುಗಳನ್ನು ಬೇರೊಂದು ಮಾನಕಕ್ಕೆ ಪರಿವರ್ತಿಸಲು ಆಟೋಕ್ಯಾಡ್‌ನಲ್ಲಿ ಲೇಯರ್ ಟ್ರಾನ್ಸ್‌ಲೇಟರ್ ಇದೆ. ರೆವಿಟ್‌ನಂತಹ ತಂತ್ರಾಂಶಗಳಲ್ಲಿ ಗೋಡೆ, ಬಾಗಿಲು ಎಂಬ ವರ್ಗಗಳಿವೆಯೇ ಹೊರತು ಲೇಯರ್‌ಗಳಿಲ್ಲ. ಅಲ್ಲಿಂದ ಆಟೋಕ್ಯಾಡ್ ಕಡತವನ್ನು ಹೊರತೆಗೆಯುವಾಗ ಯಾವ ವರ್ಗ ಯಾವ ಲೇಯರಿಗೆ ಹೋಗಬೇಕೆಂಬ ಪಟ್ಟಿಯನ್ನು ಕೊಡಬೇಕಾಗುತ್ತದೆ.