ಉಪ್ಪಿನ ಪೇಟೆಯಿಂದ ಹಾಡಿನ ಬಯಲಿಗೆ: ಎಸ್ಟೋನಿಯದ ರಾಜಧಾನಿ ಟಾಲಿನ್

ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವ ಟಾಲಿನ್ ನಗರವನ್ನು ಉಪ್ಪಿನ ಮೇಲೆ ಕಟ್ಟಲಾಗಿದೆ ಎಂಬ ಮಾತು ಎಸ್ಟೋನಿಯದಲ್ಲಿ ರೂಢಿಯಲ್ಲಿದೆ. ಪಶ್ಚಿಮ ಯೂರೋಪಿನಿಂದ ಹಡಗುಗಳಲ್ಲಿ ಬಂದ ಉಪ್ಪನ್ನು ಇಲ್ಲಿ ಇಳಿಸಿಕೊಂಡು ರಷ್ಯದ ನೋವ್ಗೊರೊದ್ ಕಡೆಗೆ ಸಾಗಿಸುವುದು, ಅತ್ತಣಿಂದ ಬಂದ ತುಪ್ಪುಳು ಚರ್ಮ ಹಾಗೂ ಮೇಣವನ್ನು ಪಶ್ಚಿಮಕ್ಕೆ ರವಾನಿಸುವುದು ಮಧ್ಯಯುಗದಲ್ಲಿ ಈ ಊರಿನ ವರ್ತಕರ ಮುಖ್ಯ ಕಸುಬಾಗಿತ್ತು. ಆಗ ಊರಿನ ಹೆಸರು ರೆವಾಲ್. ಉತ್ತರ ಯೂರೋಪಿನ ವರ್ತಕ ನಗರಗಳ ಒಕ್ಕೂಟವಾದ ಹಾನ್ಸಾದಲ್ಲಿ ಅದು ಪ್ರಮುಖ ಸದಸ್ಯನಾಗಿತ್ತು. ಇಂದು ಸುಮಾರು ನಾಲ್ಕೂವರೆ ಲಕ್ಷ ಜನಸಂಖ್ಯೆಯ ಈ ರಾಜಧಾನಿಗೆ ಪ್ರವಾಸಿಗರು ಬರುವುದು ಬಹುಮಟ್ಟಿಗೆ ಆ ವರ್ತಕರು ಕಟ್ಟಿಸಿದ್ದನ್ನು ನೋಡುವುದಕ್ಕಾಗಿಯೇ.

ಹಳೆಯ ಪೇಟೆಯು 1997ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೋಟೆಗೋಡೆಯ ಬಹುಭಾಗ ಇಂದಿಗೂ ನಿಂತಿದೆ. ಪೇಟೆಯ ನಡುವೆ 1404ರಲ್ಲಿ ಪೂರ್ಣಗೊಂಡ ಪುರಭವನವಿದೆ. ಅಲ್ಲಿಂದ ಕೆಲವೇ ಹೆಜ್ಜೆ ನಡೆದರೆ 1410ರಲ್ಲಿ ಮುಗಿದ ಮಹಾ ಶ್ರೇಣಿಯ ಸಭಾಭವನ ಎದುರಾಗುತ್ತದೆ. ಶ್ರೇಣಿ ಎಂದರೆ ಆ ಕಾಲದ ವರ್ತಕರ ಸಂಘ, ಇಂದಿನ ವಾಣಿಜ್ಯ ಮಂಡಳಿಯ ಪೂರ್ವಜ ಎನ್ನಬಹುದು. ವಿವಾಹಿತರಾದ ದೊಡ್ಡ ವರ್ತಕರಿಗೆ ಮಾತ್ರ ಅದರಲ್ಲಿ ಸದಸ್ಯತ್ವ ದೊರೆಯುತ್ತಿತ್ತು. ಅವಿವಾಹಿತರಾದ ತರುಣ ವರ್ತಕರಿಗೆ ಕರಿತಲೆಯವರ ಬಂಧುಸಂಘ ಎಂಬ ಬೇರೆಯೇ ಸಂಸ್ಥೆಯಿತ್ತು. ಆಫ್ರಿಕಾ ಮೂಲದ ಸಂತ ಮಾರಿಸ್ ಅವರ ಆರಾಧ್ಯನಾದುದರಿಂದ ಆ ಹೆಸರು. ಮೊದಲನೆಯ ಭವನದಲ್ಲಿ ಇಂದು ಎಸ್ಟೋನಿಯದ ಇತಿಹಾಸ ವಸ್ತುಸಂಗ್ರಹಾಲಯವಿದೆ. ಎರಡನೆಯದು ಸಂಗೀತ ಕಚೇರಿಗಳ ತಾಣವಾಗಿದೆ.

ಈ ಎರಡೂ ಸಂಘಗಳ ಲಾಂಛನಗಳನ್ನು ಸಂತ ನಿಕೊಲಾಸ್ ಚರ್ಚಿನ ಮುಖ್ಯ ವೇದಿಯ ಚಿತ್ರಫಲಕದಲ್ಲಿ ಕಾಣಬಹುದು. ಲ್ಯೂಬೆಕ್ ನಗರದ ಹೆರ್ಮೆನ್ ರೋಡೆ ಎಂಬ ಕಲಾವಿದನ ಕಾರ್ಯಾಗಾರದಲ್ಲಿ ತಯಾರಾಗಿ 1481ರಲ್ಲಿ ಸಿದ್ಧವಾದ ಫಲಕವದು. ಅದೇ ಚರ್ಚಿನಲ್ಲಿ ಬೆರ್ನ್ಟ್ ನೋಟ್ಕೆಯ ಮೃತ್ಯುನರ್ತನದ ಚಿತ್ರವಿದೆ. ರಾಜ, ಚಕ್ರವರ್ತಿನಿ, ಪೋಪ್ ಎಲ್ಲರ ಕೈಹಿಡಿದು ಅಸ್ಥಿಪಂಜರಗಳು ಕುಣಿಯುವ ದೃಶ್ಯ. 1944ರ ಮಾರ್ಚ್ ತಿಂಗಳ ಬಾಂಬ್ ದಾಳಿಯಲ್ಲಿ ಚರ್ಚು ಸುಟ್ಟುಹೋಯಿತಾದರೂ ಕಲಾಕೃತಿಗಳನ್ನು ಮುಂಚಿತವಾಗಿಯೇ ಬೇರೆಡೆಗೆ ಸಾಗಿಸಿದ್ದರಿಂದ ಅವು ಉಳಿದುಕೊಂಡವು.

ಪುರಭವನದೆದುರಿನ ಔಷಧದಂಗಡಿಯ ಕಥೆ ವ್ಯಾಪಾರಸ್ಥರಿಗೆ ವಿಶೇಷವಾಗಿ ರುಚಿಸಬಹುದು. ಅದರ ಮೊದಲ ಉಲ್ಲೇಖ ದೊರೆಯುವುದು 1422ರಲ್ಲಿ. ಹದಿನಾರನೆಯ ಶತಮಾನದ ಕೊನೆಯಲ್ಲಿ ಬುರ್ಖಾರ್ಟ್ ಮನೆತನದ ಕೈಗೆ ಬಂದ ಅಂಗಡಿ ಮುನ್ನೂರು ವರ್ಷಗಳಿಗೂ ಮಿಕ್ಕಿ, ಹತ್ತು ತಲೆಮಾರುಗಳವರೆಗೆ, ಅವರಲ್ಲಿಯೇ ಉಳಿಯಿತು. ಹಿರಿಯ ಮಗನಿಗೆ ಯೋಹಾನ್ ಎಂದೇ ಹೆಸರಿಡುವುದು ವಾಡಿಕೆ. ಮದ್ದಿನ ಜೊತೆಗೆ ಮಸಾಲೆ ಬೆರೆಸಿದ ದ್ರಾಕ್ಷಾರಸ, ಕಾಗದ, ಶಾಯಿ, ಸಿಡಿಮದ್ದು, ಹೊಗೆಸೊಪ್ಪು ಎಲ್ಲವೂ ಅಲ್ಲಿ ಮಾರಾಟವಾಗುತ್ತಿದ್ದವು. ಬಾದಾಮಿ ಮತ್ತು ಸಕ್ಕರೆ ಅರೆದು ಮಾಡುವ ಮಾರ್ಜಿಪಾನ್ ಕೂಡ ಮೊದಲಿಗೆ ಔಷಧವೆಂದೇ ಬಿಕರಿಯಾಗುತ್ತಿತ್ತು! ಈಗ ಅದೇ ಊರಿನ ಪ್ರಸಿದ್ಧ ಸಿಹಿತಿನಿಸು. 1864ರಲ್ಲಿ ಆರಂಭವಾದ ಮಾಯಾಸ್ಮೊಕ್ ಕಾಫಿಗೃಹದ ಹೆಸರು ಅದರೊಂದಿಗೆ ಬೆಸೆದುಕೊಂಡಿದೆ.

ಆದರೆ ಪರಂಪರೆಯನ್ನು ಸರಕಾಗಿಸಿದ ಊರಿಗೆ ಅದರದೇ ಆದ ತೊಡಕುಗಳೂ ಇವೆ. ಹಡಗುಗಳಲ್ಲಿ ಬೆಳಿಗ್ಗೆ ಬಂದಿಳಿದು ಸಂಜೆಗೆ ಮರಳುವ ಪ್ರವಾಸಿಗರು ಹಳೆಯ ಪೇಟೆಯ ಬೀದಿಗಳಲ್ಲಿ ಸುತ್ತಿ, ಕಂಡ ನೆನಪಿನ ಕಾಣಿಕೆಯನ್ನು ಕೊಂಡು ಹೋಗುತ್ತಾರೆ. ಇವರಿಗಾಗಿ ಸಾಲಾಗಿ ಜೋಡಿಸಿಟ್ಟ ರಷ್ಯನ್ ಮರದ ಬೊಂಬೆಗಳಾಗಲಿ, ಶಿಲಾರಾಳದ ಆಭರಣಗಳಾಗಲಿ ಎಸ್ಟೋನಿಯದ ಉತ್ಪನ್ನಗಳೆಂದು ಹೇಳಲಾಗದು. ಸ್ಥಳೀಯ ಕುಶಲಕರ್ಮಿಗಳು ಈ ಸ್ಪರ್ಧೆಗೆ ಕಂಡುಕೊಂಡ ಉತ್ತರವೆಂದರೆ ಕೆಲಸವನ್ನೇ ತೆರೆದು ತೋರಿಸುವುದು. ಸಂತ ಕ್ಯಾಥರೀನ್ ಓಣಿಯ ಹಳೆಯ ಕೊಠಡಿಗಳಲ್ಲಿ ಗಾಜು, ಕುಂಬಾರಿಕೆ, ಚರ್ಮ, ಟೋಪಿ ಮುಂತಾದ ಕಸುಬುಗಳ ಮಹಿಳೆಯರು ಗಿರಾಕಿಗಳ ಕಣ್ಣೆದುರೇ ಕೆಲಸ ಮಾಡುತ್ತಾರೆ. ಮಾಡುವ ಕೈಯನ್ನು ಕಂಡವನು ಬೆಲೆಯ ಬಗ್ಗೆ ಹೆಚ್ಚು ಚೌಕಾಶಿ ಮಾಡಲಾರ.

ಪ್ರವಾಸೋದ್ಯಮವನ್ನೇ ನೆಚ್ಚಿಕೊಳ್ಳುವುದರ ಅಪಾಯವೂ ಇತ್ತೀಚಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಬಾಲ್ಟಿಕ್ ವಿಹಾರನೌಕೆಗಳ ಮುಖ್ಯ ಆಕರ್ಷಣೆ ಸೇಂಟ್ ಪೀಟರ್ಸ್‌ಬರ್ಗ್ ಆಗಿದ್ದು, ಟಾಲಿನ್ ದಾರಿಯಲ್ಲಿನ ಒಂದು ನಿಲುಗಡೆಯಾಗಿತ್ತು. 2022ರಲ್ಲಿ ರಷ್ಯವು ಯುಕ್ರೇನಿನ ಮೇಲೆ ದಾಳಿ ಮಾಡಿದ ಬಳಿಕ ನೌಕಾ ಕಂಪೆನಿಗಳು ಆ ನಗರವನ್ನು ಕೈಬಿಟ್ಟವು. ಅದರ ಪೆಟ್ಟು ಟಾಲಿನ್ ಬಂದರಿಗೂ ತಗುಲಿತು. ಎರಡು ಗಂಟೆಗಳ ಹಡಗು ಪ್ರಯಾಣದ ದೂರದಲ್ಲಿರುವ ಹೆಲ್ಸಿಂಕಿಯ ಜನರ ಓಡಾಟವೇ ಆಸರೆಯಾಯಿತು.

ಇದರ ನಡುವೆ ಊರಿನವರೇ ಹೆಚ್ಚಾಗಿ ಬರುವ ತಾಣಗಳು ಕೋಟೆಗೋಡೆಯ ಹೊರಗೆ, ಕೆಲಸ ನಿಂತ ಕಾರ್ಖಾನೆಗಳಲ್ಲಿ ತಲೆಯೆತ್ತಿವೆ. ರೋಟರ್ಮನ್ ಮನೆತನದ ಉಪ್ಪಿನ ಉಗ್ರಾಣದಲ್ಲಿ ಇಂದು ವಾಸ್ತುಶಿಲ್ಪದ ವಸ್ತುಸಂಗ್ರಹಾಲಯವಿದೆ. ರೈಲು ನಿಲ್ದಾಣದ ಸಮೀಪದ ಹಳೆಯ ಕಾರ್ಖಾನೆಯ ಕಟ್ಟಡಗಳು 2009ರಿಂದೀಚೆಗೆ ತೆಲ್ಲಿಸ್ಕಿವಿ ಎಂಬ ಹೆಸರಿನಲ್ಲಿ ರಂಗಮಂದಿರ, ಅಂಗಡಿ, ಸಣ್ಣ ಉದ್ದಿಮೆಗಳ ಕೇರಿಯಾಗಿ ಬೆಳೆದಿವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಸಮುದ್ರ ವಿಮಾನಗಳ ಕಾಂಕ್ರೀಟ್ ಗುಮ್ಮಟಗಳು 2012ರಲ್ಲಿ ನೌಕಾ ವಸ್ತುಸಂಗ್ರಹಾಲಯವಾದವು. ಬ್ರಿಟನ್ನಿನಲ್ಲಿ ತಯಾರಾದ ಲೆಂಬಿಟ್ ಜಲಾಂತರ್ಗಾಮಿಯ ಒಳಹೊಕ್ಕು ನೋಡಬಹುದು. ಎಲ್ಲ ಪ್ರಯತ್ನಗಳೂ ಫಲಿಸಿವೆಯೆಂದಲ್ಲ. 1980ರ ಒಲಿಂಪಿಕ್ಸ್ ಹಾಯಿದೋಣಿ ಸ್ಪರ್ಧೆಗಳಿಗಾಗಿ ಕಡಲಂಚಿನಲ್ಲಿ ಕಟ್ಟಿದ ಲಿನ್ನಾಹಾಲ್ ಎಂಬ ಬೃಹತ್ ಸಭಾಂಗಣ 2010ರ ಸುಮಾರಿಗೆ ಮುಚ್ಚಿತು. ಆಮೇಲೆ ಅದರ ಬಗ್ಗೆ ಹಲವು ಯೋಜನೆಗಳು ಬಂದುಹೋದವು.

ಇಷ್ಟಾದರೂ ಟಾಲಿನ್ನಿನ ಸಾಂಸ್ಕೃತಿಕ ಜೀವನದ ಹೃದಯ ಯಾವ ಕಟ್ಟಡದಲ್ಲಿಯೂ ಇಲ್ಲ, ಊರ ಹೊರವಲಯದ ಹಾಡಿನ ಬಯಲಿನಲ್ಲಿದೆ. 1869ರಲ್ಲಿ ತಾರ್ತು ನಗರದಲ್ಲಿ ಆರಂಭವಾದ ಗಾನೋತ್ಸವವು ಈಗ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಇಲ್ಲಿ ನಡೆಯುತ್ತದೆ. 1960ರಲ್ಲಿ ನಿರ್ಮಿಸಿದ ಕಮಾನಿನಡಿಯ ಮೆಟ್ಟಿಲುಗಳ ಮೇಲೆ ಸಾವಿರಾರು ಗಾಯಕರು ಒಟ್ಟಿಗೆ ನಿಂತು ಹಾಡುತ್ತಾರೆ. ಸೋವಿಯತ್ ಆಡಳಿತದಲ್ಲಿ ಕಾರ್ಯಕ್ರಮವನ್ನು ಸರ್ಕಾರವೇ ನಿರ್ಧರಿಸುತ್ತಿತ್ತು. ಲಿಡಿಯಾ ಕೋಯ್ದುಲಾ ರಚಿಸಿ ಗುಸ್ತಾವ್ ಎರ್ನೆಸಾಕ್ಸ್ ರಾಗ ಹಾಕಿದ ನಾಡಪ್ರೇಮದ ಗೀತೆಯೊಂದಕ್ಕೆ ಪಟ್ಟಿಯಲ್ಲಿ ಜಾಗವಿರಲಿಲ್ಲ. 1960ರ ಉತ್ಸವದಲ್ಲಿ ಗಾಯಕರು ಯಾರ ಅಪ್ಪಣೆಗೂ ಕಾಯದೆ ಅದನ್ನು ಹಾಡಿಬಿಟ್ಟರು. 1988ರ ಸೆಪ್ಟೆಂಬರ್ 11ರಂದು ಇದೇ ಬಯಲಿನಲ್ಲಿ ಸುಮಾರು ಮೂರು ಲಕ್ಷ ಜನ ನೆರೆದರು. ಇಡೀ ನಾಡಿನ ಜನಸಂಖ್ಯೆ ಆಗ ಹದಿನೈದು ಲಕ್ಷದ ಆಸುಪಾಸಿನಲ್ಲಿತ್ತು ಎಂಬುದನ್ನು ನೆನೆದರೆ ಆ ಸಂಖ್ಯೆಯ ತೂಕ ತಿಳಿಯುತ್ತದೆ. ಮೂರು ವರ್ಷಗಳ ಬಳಿಕ, 1991ರ ಆಗಸ್ಟ್ 20ರಂದು, ಎಸ್ಟೋನಿಯ ಸ್ವಾತಂತ್ರ್ಯವನ್ನು ಮರಳಿ ಘೋಷಿಸಿತು.

ಲಾಟ್ವಿಯ ಮತ್ತು ಲಿಥುವೇನಿಯಗಳ ಇಂಥದೇ ಉತ್ಸವಗಳೊಂದಿಗೆ ಇದಕ್ಕೆ 2003ರಲ್ಲಿ ಯುನೆಸ್ಕೋ ಮನ್ನಣೆ ದೊರೆಯಿತು. ಆದರೂ ಇದು ಪ್ರವಾಸಿಗರಿಗಾಗಿ ಏರ್ಪಡಿಸಿದ ಪ್ರದರ್ಶನವಲ್ಲ. ವೃತ್ತಿಗಾಯಕರಲ್ಲದ ಊರೂರಿನ ಗಾಯನ ತಂಡಗಳು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬರುತ್ತವೆ. ಉತ್ಸವದ ದಿನ ಜಾನಪದ ಉಡುಪು ಧರಿಸಿ ನಗರದ ನಡುವಿನಿಂದ ಬಯಲಿನವರೆಗೆ ಗಂಟೆಗಟ್ಟಲೆ ಮೆರವಣಿಗೆಯಲ್ಲಿ ಸಾಗುತ್ತವೆ. ನೂರೈವತ್ತನೆಯ ವರ್ಷವಾದ 2019ರಲ್ಲಿ ಬಯಲು ತುಂಬಿಹೋಗಿ ಟಿಕೆಟ್ ಮಾರಾಟವನ್ನೇ ನಿಲ್ಲಿಸಬೇಕಾಯಿತು. ಅನಂತರದ ಮಹೋತ್ಸವ ನಡೆದದ್ದು 2025ರ ಜುಲೈ ತಿಂಗಳಲ್ಲಿ.