ಹೆಸರಿಲ್ಲದ ಹೀರೋಯಿನ್!

ನಮ್ಮ ಯಲ್ದೂರಿನ ಟೀ ಅಂಗಡೀಲಿ ಮಾತು ಅಂದ್ರೆ ಪಿಕ್ಚರಿನದೇ. ಆದರೆ 2024ರ ಏಪ್ರಿಲ್‌ನಲ್ಲಿ ಎಲ್ಲರ ಬಾಯಲ್ಲೂ ಹಾಸನದ ಪೆನ್‌ಡ್ರೈವ್! "ನಿನ್ ಹತ್ರ ಇದ್ಯೇನೋ? ನಂಗೂ ಕಳ್ಸೋ..."

ಕಥೆ ನಿಮಗೆ ಗೊತ್ತು. ಹಾಸನದ ಸಂಸದ ಪ್ರಜ್ವಲ್ ರೇವಣ್ಣ 2023ರಲ್ಲೇ ಕೋರ್ಟಿಗೆ ಹೋಗಿ 86 ಮಾಧ್ಯಮಗಳ ಮೇಲೆ ತಡೆಯಾಜ್ಞೆ ತಂದಿದ್ದರು. ಮರುವರ್ಷ ಮತ್ತೆ ಅಭ್ಯರ್ಥಿಯಾದರು. ಏಪ್ರಿಲ್ 26ಕ್ಕೆ ಹಾಸನಕ್ಕೂ ನಮ್ಮ ಕೋಲಾರಕ್ಕೂ ಓಟು. ಅದಕ್ಕೆ ಮುಂಚೆಯೇ ಪೆನ್‌ಡ್ರೈವ್‌ಗಳು ಬೀದಿಗೆ ಬಿದ್ದವು. ಓಟು ಮುಗೀತು, ಅಭ್ಯರ್ಥಿ ಜರ್ಮನಿಗೆ ಹಾರಿದರು. ಟಿವಿಯಲ್ಲಿ ಹಗಲೂ ರಾತ್ರಿ ಅದೇ ಶೋ!

ಆದರೆ ಸ್ವಾಮೀ, ಆ ಹೆಂಗಸರ ಗತಿ? ಅವರ ಗುರುತು ಬಯಲು ಮಾಡೋದು ಕಾನೂನಿನಲ್ಲಿ ಅಪರಾಧ. ಹಂಚಿದವರು ಮುಖ ಕೂಡ ಮರೆಮಾಡಿರಲಿಲ್ಲ. ಊರು ಬಿಟ್ಟು ಹೋದವರಿದ್ದಾರೆ.

ಸುಳ್ಳು ಯಾಕೆ, ನನ್ನ ಫೋನಿಗೂ ಒಂದು ಬಂತು. ಬೆರಳು ಒತ್ತೋದರಲ್ಲಿತ್ತು. ಲೋಟ ತೊಳೀತಿದ್ದ ಅಕ್ಕ ತಲೆ ಎತ್ತದೇ ಅಂದ್ರು: "ಯಾರ ಮನೆ ಹೆಣ್ಮಕ್ಳೋ ಏನೋ, ಪಾಪ." ಮುಖಕ್ಕೆ ಹೊಡೆದಂಗಾಯ್ತು. ನೋಡದೇ ಅಳಿಸಿದೆ.

ಮನೆಗೆಲಸದ ಹೆಂಗಸೊಬ್ಬರು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದರು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಪ್ರಜ್ವಲ್‌ಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಆಕೆಯ ಹೆಸರು ನಮಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ತೆರೆ ಮೇಲೆ ಹೀರೋ ಬಂದಾಗ ಶಿಳ್ಳೆ ಹೊಡೆಯೋ ಗೆಳೆಯರೇ, ಮುಖ ತೋರಿಸದೆ ಗೆದ್ದ ಈಕೆಗೂ ಒಂದು ಶಿಳ್ಳೆ ಇರಲಿ. ಇನ್ಯಾವತ್ತಾದರೂ ಅಂಥದ್ದು ನಿಮ್ಮ ಫೋನಿಗೆ ಬಂದರೆ, ಮುಂದಕ್ಕೆ ಕಳಿಸಬೇಡಿ!